ಓದಿಗೊಂದು ಹೊತ್ತು

ಹಳೇಕೋಟೆಯ ಸೋದರರಿಗೆ,

ಪುಸ್ತಕವನ್ನು ಕೈಗೆತ್ತಿಕೊಂಡರೆ ನಾಲ್ಕು ಪುಟ ಮುಗಿಯುವುದರೊಳಗೆ ಮನಸ್ಸು ಮೊಬೈಲಿನತ್ತ ಹರಿಯುವುದೆಂದು ವ್ಯಥೆಪಟ್ಟಿರುವಿರಿ. ಇದು ಬುದ್ಧಿಯ ಕೊರತೆಯಲ್ಲ, ಅಭ್ಯಾಸದ ಲೋಪ. ದಿನವೆಲ್ಲ ಗದ್ದೆಯಲ್ಲಿ ದುಡಿದ ದೇಹಕ್ಕೆ ರಾತ್ರಿ ಹತ್ತರ ಮೇಲೆ ಗಹನವಾದ ಗ್ರಂಥವನ್ನು ಹೊರಿಸುವುದು ನ್ಯಾಯವಲ್ಲವಾದ್ದರಿಂದ, ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದು, ಕಾಫಿ ಕುಡಿದು, ಹೊಲಕ್ಕೆ ಹೊರಡುವ ಮುನ್ನ ದೊರೆಯುವ ಕಾಲುಗಂಟೆಯನ್ನೇ ಓದಿಗೆ ಮೀಸಲಿಡಿರಿ. ಆ ವೇಳೆ ಮೊಬೈಲು ಒಳಕೋಣೆಯಲ್ಲಿರಲಿ.

ಮೊದಲಿಗೆ, ನಿಮ್ಮ ಜಿಲ್ಲೆಯ ಹೇಮಾವತೀತೀರದವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ ಕೃತಿಯನ್ನು ಆರಿಸಿಕೊಳ್ಳಿರಿ. ಅಲ್ಲಿನ ಜನ ನಿಮಗೆ ಪರಿಚಿತರೆನಿಸುವರು. ಬಳಿಕ, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡು, ವಾರಾನ್ನವನ್ನುಂಡು ವ್ಯಾಸಂಗ ನಡೆಸಿದ ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ (1996). ಅನುಕೂಲ ಒದಗಿದ ಮೇಲೆ ಓದುವೆನೆಂಬ ನಿಮ್ಮ ಮಾತಿಗೆ ಅದಕ್ಕಿಂತ ಪ್ರಬಲವಾದ ಉತ್ತರವನ್ನು ನಾನು ಕೊಡಲಾರೆ.

ಕೊಳ್ಳಲು ಹಣವಿಲ್ಲವೆಂಬ ಚಿಂತೆ ಬೇಡ. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ವಿಚಾರಿಸಿರಿ. ಓದಿದ ದಿನ ಮನಸ್ಸಿಗೆ ಹಿಡಿಸಿದ ಒಂದು ವಿಷಯವನ್ನು, ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಾದರೂ ಸರಿಯೆ, ನಿಮ್ಮದೇ ಮಾತಿನಲ್ಲಿ ಬರೆದಿಡಿರಿ. ನಾಟಿಯ ದಿನಗಳಲ್ಲಿ ಓದು ತಪ್ಪಿದರೆ ಪಶ್ಚಾತ್ತಾಪದಲ್ಲಿ ಕಾಲ ಕಳೆಯದೆ, ಗುರುತಿಟ್ಟ ಪುಟದಿಂದಲೇ ಮುಂದುವರಿಸಿರಿ.