ಡಚ್ ಭಾಷೆಯೂ ಆಫ್ರಿಕಾನ್ಸ್ ಭಾಷೆಯೂ

ಭಾಷೆಯೊಂದು ತವರನ್ನು ಬಿಟ್ಟು ದೂರದೇಶದಲ್ಲಿ ನೆಲೆಸಿದರೆ ಅದು ಕೆಡುತ್ತದೆಯೋ ಬೆಳೆಯುತ್ತದೆಯೋ? ಭೌತವಿಜ್ಞಾನವನ್ನು ಬೋಧಿಸುವ ನಾವು ಭಾಷಾಶಾಸ್ತ್ರದಲ್ಲಿ ಪರಿಣತರೆಂದು ಹೇಳಿಕೊಳ್ಳಲಾರೆವು. ಆದರೂ ಒಂದೇ ಮೂಲದಿಂದ ಹೊರಟ ಎರಡು ವಸ್ತುಗಳು ಬೇರೆಬೇರೆ ಪರಿಸ್ಥಿತಿಗಳಲ್ಲಿ ಹೇಗೆ ಮಾರ್ಪಡುವುವೆಂಬುದನ್ನು ಹೋಲಿಸಿ ನೋಡುವುದು ಎಲ್ಲ ವಿಜ್ಞಾನಗಳಿಗೂ ಸಮಾನವಾದ ಕ್ರಮ. ಅಂಥ ಹೋಲಿಕೆಗೆ ಯೂರೋಪಿನ ಡಚ್ ಭಾಷೆ ಮತ್ತು ದಕ್ಷಿಣ ಆಫ್ರಿಕದ ಆಫ್ರಿಕಾನ್ಸ್ ಭಾಷೆ ಒಳ್ಳೆಯ ಜೋಡಿ.

1652ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪೆನಿಯ ಯಾನ್ ವಾನ್ ರೀಬೇಕ್ ಎಂಬಾತನು ಗುಡ್‌ಹೋಪ್ ಭೂಶಿರದ ಬಳಿ ಹಡಗುಗಳಿಗೆ ನೀರು, ತರಕಾರಿ, ಮಾಂಸಗಳನ್ನು ಒದಗಿಸುವ ಒಂದು ಠಾಣ್ಯವನ್ನು ಸ್ಥಾಪಿಸಿದನು. ಡಚ್ಚರ ಜತೆಗೆ ಜರ್ಮನರೂ, 1688ರಿಂದ ಫ್ರಾನ್ಸಿನ ಪ್ರಾಟೆಸ್ಟಂಟರೂ ಅಲ್ಲಿ ಬಂದು ನೆಲೆಸಿದರು. ದನಗಾಹಿಗಳಾದ ಖೊಯ್‌ಖೊಯ್ ಜನ ಮೊದಲಿನಿಂದಲೂ ಅಲ್ಲಿದ್ದರು. ಇವರಲ್ಲದೆ ಮಡಗಾಸ್ಕರ್, ಇಂಡೊನೇಷ್ಯದ ದ್ವೀಪಗಳು, ನಮ್ಮ ಬಂಗಾಳ, ಮಲಬಾರು, ಚೋಳಮಂಡಲ ತೀರಗಳಿಂದ ಸಾವಿರಾರು ಮಂದಿ ಗುಲಾಮರನ್ನು ಹಡಗುಗಳಲ್ಲಿ ಕೊಂಡೊಯ್ದರು. ಇಷ್ಟು ಬಗೆಯ ಜನ ಒಬ್ಬರೊಡನೊಬ್ಬರು ಮಾತನಾಡಬೇಕಾದಾಗ ಒಡೆಯರ ಡಚ್ ಭಾಷೆಯನ್ನೇ ಆಶ್ರಯಿಸಿದರು. ಅದನ್ನು ಅವರಲ್ಲಿ ಬಹುಮಂದಿ ಕಲಿತುದು ಶಾಲೆಯಲ್ಲಲ್ಲ; ಹೊಲದಲ್ಲಿ, ಅಡುಗೆಮನೆಯಲ್ಲಿ, ಬಂದರಿನಲ್ಲಿ, ಕಿವಿಯಿಂದ ಕೇಳಿ.

ಎರಡು ಭಾಷೆಗಳ ಸಾಮ್ಯವನ್ನು ಮೊದಲು ನೋಡೋಣ. ಆಫ್ರಿಕಾನ್ಸಿನ ಶಬ್ದಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಡಚ್ ಮೂಲದವೆಂದು ಎಣಿಕೆ. ವಿದ್ಯುತ್ತಿನ ಪಾಠದಲ್ಲಿ ಬರುವ 'ರೋಧ' ಎಂಬುದಕ್ಕೆ ಎರಡರಲ್ಲಿಯೂ ಒಂದೇ ಶಬ್ದ, ಒಂದೇ ಕಾಗುಣಿತ. ಡಚ್ ಬಲ್ಲವನು ಆಫ್ರಿಕಾನ್ಸ್ ಪತ್ರಿಕೆಯನ್ನು ಹೆಚ್ಚು ಶ್ರಮವಿಲ್ಲದೆ ಓದಬಲ್ಲನು. ಆಫ್ರಿಕಾನ್ಸ್ ಮಾತ್ರ ಬಲ್ಲವನಿಗೆ ಡಚ್ ಬರಹ ಅಷ್ಟು ಸುಲಭವಲ್ಲ. ಹೀಗೇಕೆಂಬುದು ಮುಂದೆ ತಿಳಿಯುವುದು.

ಇನ್ನು ಭೇದಗಳು. ಇವುಗಳಲ್ಲಿ ಮೊದಲನೆಯದು ಧ್ವನಿಯದು. ಡಚ್ಚಿನಲ್ಲಿ ಸೂರ್ಯನು 'ಜ಼ೊನ್', ಮರಳು 'ಜ಼ಂಟ್'. ಆಫ್ರಿಕಾನ್ಸಿನಲ್ಲಿ 'ಸೊನ್', 'ಸಂಟ್'. ಡಚ್ಚಿನ 'ಜ಼ಿಲ್ವರ್' ಆಫ್ರಿಕಾನ್ಸಿನಲ್ಲಿ ಏನಾಗಬೇಕು? ವಾಚಕರು ಊಹಿಸಿದಂತೆಯೇ 'ಸಿಲ್ವರ್', ಎಂದರೆ ಬೆಳ್ಳಿ. (ಕನ್ನಡ ಲಿಪಿಯಲ್ಲಿ ಕೊಟ್ಟಿರುವ ಉಚ್ಚಾರಗಳೆಲ್ಲ ಸರಿಸುಮಾರಾದುವು.) ಹಾಗೆಯೇ ವ್ಯಂಜನದ ಬಳಿಕ ಪದಾಂತ್ಯದಲ್ಲಿ ಬರುವ ತಕಾರ ಅನೇಕ ಶಬ್ದಗಳಲ್ಲಿ ಬಿದ್ದುಹೋಯಿತು: ರಾತ್ರಿಗೆ ಡಚ್ಚಿನಲ್ಲಿ 'ನಖ್ತ್', ಆಫ್ರಿಕಾನ್ಸಿನಲ್ಲಿ 'ನಖ್', ಬೆಳಕಿಗೆ 'ಲಿಖ್ತ್', 'ಲಿಖ್'. ಬದಲಾವಣೆ ಹೀಗೆ ಕ್ರಮವನ್ನು ಅನುಸರಿಸುವುದಾದರೆ ಅದನ್ನು ಕೇವಲ ಅಪಭ್ರಂಶವೆನ್ನುವುದು ಹೇಗೆ?

ಎರಡನೆಯ ಭೇದ ವ್ಯಾಕರಣದ್ದು. 'ಇದ್ದೇನೆ, ಇದ್ದೀಯೆ, ಇದ್ದಾನೆ, ಇದ್ದೇವೆ' ಎಂದು ಕನ್ನಡದ ಕ್ರಿಯಾಪದ ಕರ್ತೃವನ್ನು ಅನುಸರಿಸಿ ಬದಲಾಗುವುದಷ್ಟೆ. ಡಚ್ಚಿನಲ್ಲಿಯೂ 'ಇಕ್ ಬೆನ್, ಯೈ ಬೆಂಟ್, ಹೈ ಇಸ್, ವೈ ಜ಼ೈನ್' ಎಂದು ಬೇರೆಬೇರೆ ರೂಪಗಳುಂಟು. ಆಫ್ರಿಕಾನ್ಸಿನಲ್ಲಿಯಾದರೋ 'ಎಕ್ ಇಸ್, ಯೈ ಇಸ್, ಹೈ ಇಸ್, ಓನ್ಸ್ ಇಸ್'. ಎಲ್ಲಕ್ಕೂ ಒಂದೇ ರೂಪ. ನಾಮಪದದ ಹಿಂದೆ ಡಚ್ಚರು ಲಿಂಗಕ್ಕೆ ತಕ್ಕಂತೆ 'ಡ' ಅಥವಾ 'ಹೆಟ್' ಎಂದು ಸೇರಿಸುವರು. ಆಫ್ರಿಕಾನ್ಸಿಗೆ 'ಡೀ' ಒಂದೇ ಸಾಕು. ಮಗಳು ಬಿಟ್ಟುಕೊಟ್ಟ ಪ್ರತ್ಯಯಗಳನ್ನೆಲ್ಲ ತಾಯಿ ಉಳಿಸಿಕೊಂಡಿರುವಳು. ಆದುದರಿಂದಲೇ ತಾಯಿಯ ಭಾಷೆಯಿಂದ ಮಗಳದಕ್ಕೆ ಬರುವುದು ಸುಲಭ, ಎದುರು ದಾರಿ ಕಷ್ಟ. ಬೆಳೆದ ಮೇಲೆ ಪರಭಾಷೆಯನ್ನು ಕಲಿಯುವವರ ಬಾಯಲ್ಲಿ ಮೊದಲು ಸವೆಯುವುವು ಪ್ರತ್ಯಯಗಳೇ ಎಂಬುದನ್ನು ನೆನೆದರೆ ಈ ಸರಳತೆಯ ಕಾರಣವೂ ಹೊಳೆಯುವುದು.

ಆದರೆ ಆಫ್ರಿಕಾನ್ಸ್ ಬರಿದೇ ಕಳೆದುಕೊಂಡಿತೆಂದು ತಿಳಿಯಬಾರದು. 'ನನಗೆ ಅದು ಕಾಣಿಸದು' ಎಂಬುದಕ್ಕೆ ಡಚ್ಚರು 'ಇಕ್ ಕನ್ ಹೆಟ್ ನೀಟ್ ಜ಼ೀನ್' ಎನ್ನುವರು. ಆಫ್ರಿಕಾನ್ಸಿನಲ್ಲಿ ಅದು 'ಎಕ್ ಕನ್ ಡಿಟ್ ನೀ ಸೀನ್ ನೀ'. ನಿಷೇಧವಾಚಕ ವಾಕ್ಯದ ಕೊನೆಯಲ್ಲಿ ಮತ್ತೊಮ್ಮೆ ಬರುವುದನ್ನು ಗಮನಿಸಬೇಕು. ಈ ಇಮ್ಮಡಿ ನಿಷೇಧದ ಮೂಲದ ಬಗೆಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. 'ಬಹಳ' ಎಂಬರ್ಥದ 'ಬಾಯ', ಬಾಳೆಯ ಹಣ್ಣಿಗೆ 'ಪೀಸಾಂಗ್', ಇವು ಮಲಯ ಭಾಷೆಯಿಂದ ಬಂದುವು. ಹುಳುವಿಗೆ 'ಖೋಖಾ' ಎಂಬ ಮಾತು ಖೊಯ್‌ಖೊಯ್ ಜನರ ಕೊಡುಗೆ. ಗಣಕಯಂತ್ರವನ್ನು ಇಂದು ಡಚ್ಚರು ಇಂಗ್ಲಿಷರಂತೆಯೇ 'ಕಂಪ್ಯೂಟರ್' ಎನ್ನುತ್ತಿದ್ದರೆ, ಆಫ್ರಿಕಾನ್ಸಿನವರು ಎಣಿಸುವುದೆಂಬ ಧಾತುವಿನಿಂದ 'ರೇಕೆನಾರ್' ಎಂಬ ಸ್ವಂತ ಶಬ್ದವನ್ನು ಕಟ್ಟಿಕೊಂಡಿದ್ದಾರೆ.

ಇಷ್ಟಾದರೂ ಬಹುಕಾಲ ಈ ನುಡಿಗೆ ಮರ್ಯಾದೆ ಇರಲಿಲ್ಲ. ಚರ್ಚಿನಲ್ಲಿಯೂ ಬರಹದಲ್ಲಿಯೂ ಡಚ್ಚೇ ಇದ್ದಿತು. ಆಫ್ರಿಕಾನ್ಸನ್ನು 'ಅಡುಗೆಮನೆಯ ಭಾಷೆ' ಎಂದು ಹಳಿದರು. ಅದನ್ನು ಮೊದಮೊದಲು ಬರಹಕ್ಕಿಳಿಸಿದವರಲ್ಲಿ ಕೇಪ್‌ಟೌನಿನ ಮುಸಲ್ಮಾನರೂ ಸೇರಿದ್ದರು. ಗುಲಾಮರ ಸಂತತಿಯವರಾದ ಅವರು ಅರಬ್ಬೀ ಲಿಪಿಯನ್ನು ಬಳಸಿದರು. ಅಂಥ ಒಂದು ಧರ್ಮಗ್ರಂಥ 1877ರಲ್ಲಿ ಇಸ್ತಾಂಬುಲಿನಲ್ಲಿ ಅಚ್ಚಾಯಿತು. ಇತ್ತ 1875ರಲ್ಲಿ ಪಾರ್ಲ್ ಪಟ್ಟಣದ ಬಿಳಿಯರು ಭಾಷೆಗಾಗಿ ಸಂಘವೊಂದನ್ನು ಕಟ್ಟಿ, ಮರುವರ್ಷ ಪತ್ರಿಕೆಯೊಂದನ್ನು ಹೊರಡಿಸಿದರು. 1925ರಲ್ಲಿ ಆಫ್ರಿಕಾನ್ಸಿಗೆ ಅಧಿಕೃತ ಸ್ಥಾನ ದೊರೆಯಿತು. 1933ರಲ್ಲಿ ಬೈಬಲ್ಲು ಪೂರ್ಣವಾಗಿ ಆ ಭಾಷೆಯಲ್ಲಿ ಪ್ರಕಟವಾಯಿತು.

ಅಡುಗೆಮನೆಯಿಂದ ಸಿಂಹಾಸನಕ್ಕೇರಿದ ಭಾಷೆ ತಾನು ಪಟ್ಟ ಅವಮಾನವನ್ನು ಮರೆಯಿತೋ ಏನೋ! ವರ್ಣಭೇದ ನೀತಿಯ ಸರಕಾರವು ಕಪ್ಪುಜನರ ಮಕ್ಕಳು ಗಣಿತ ಮೊದಲಾದ ವಿಷಯಗಳನ್ನು ಆಫ್ರಿಕಾನ್ಸಿನಲ್ಲಿಯೇ ಕಲಿಯಬೇಕೆಂದು 1974ರಲ್ಲಿ ಆಜ್ಞೆ ಹೊರಡಿಸಿತು. 1976ರ ಜೂನ್ 16ರಂದು ಸೊವೆಟೊದಲ್ಲಿ ಸಾವಿರಾರು ವಿದ್ಯಾರ್ಥಿಗಳು ಇದನ್ನು ಪ್ರತಿಭಟಿಸಿದರು. ಪೊಲೀಸರ ಗುಂಡಿಗೆ ಎಳೆಯ ಮಕ್ಕಳು ಬಲಿಯಾದರು. ತಿಳಿಯದ ನುಡಿಯಲ್ಲಿ ಗಣಿತ ಕಲಿಯಬೇಕಾದ ವಿದ್ಯಾರ್ಥಿಯ ಸಂಕಟವೇನೆಂಬುದನ್ನು ಪಾಠ ಹೇಳುವ ನಾವು ಬಲ್ಲೆವು.

ಇಂದು ದಕ್ಷಿಣ ಆಫ್ರಿಕದ ಹನ್ನೆರಡು ಅಧಿಕೃತ ಭಾಷೆಗಳಲ್ಲಿ ಆಫ್ರಿಕಾನ್ಸ್ ಒಂದು. ಅದನ್ನು ಮಾತೃಭಾಷೆಯಾಗಿ ಆಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಿಳಿಯರಲ್ಲ. ಅದು ಕೆಟ್ಟ ಡಚ್ಚಲ್ಲ. ಅನೇಕ ಜನಾಂಗಗಳು ಡಚ್ಚಿನ ದಾರವನ್ನು ಹಿಡಿದು ಕೂಡಿ ನೇಯ್ದ ಬೇರೊಂದು ಬಟ್ಟೆ. ಪ್ರತ್ಯಯಗಳು ಕಡಮೆಯಾದ ಮಾತ್ರಕ್ಕೆ ಭಾಷೆಯು ಕೀಳಾಗದು. ಭಾಷೆಯನ್ನು ಕೀಳೆನ್ನುವವರು ಅದನ್ನಾಡುವ ಜನರನ್ನೇ ಕೀಳೆನ್ನುತ್ತಿರುವರೆಂಬುದನ್ನು ನಾವು ಮರೆಯಬಾರದು.