ಮರೆವಿನ ಕಾಯಿಲೆಗೆ ಮನೆಮಾತಿನ ಆರೈಕೆ

'ಅರವತ್ತಕ್ಕೆ ಅರಳು ಮರಳು' ಎಂದು ನಾವು ತಮಾಷೆ ಮಾಡುವುದುಂಟು. ಆದರೆ ಡಿಮೆನ್ಷಿಯಾ ವಯಸ್ಸಿನ ಸಹಜ ಮರೆವಲ್ಲ. ಮೆದುಳಿನ ಕಾಯಿಲೆಗಳಿಂದ ಬರುವ ತೊಂದರೆ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಇದು ಇದೆ.

ರೋಗಿಯ ಭಾಷೆ, ಆಚಾರ ಸುತ್ತಲಿನವರದಕ್ಕಿಂತ ಬೇರೆಯಾಗಿದ್ದರೆ ಶುಶ್ರೂಷೆ ಇನ್ನೂ ಕಷ್ಟ. ಒಂದು ಉದಾಹರಣೆ ನೋಡಿ. ತುಳು ಮನೆಮಾತಿನ ಅಜ್ಜಿಯೊಬ್ಬರು ಮದುವೆಯ ನಂತರ ಬೆಂಗಳೂರಿಗೆ ಬಂದು ಕನ್ನಡ ಕಲಿತವರು. ಕಾಯಿಲೆ ಬಲಿತಂತೆ ಕನ್ನಡ ಮರೆತು ತುಳುವಷ್ಟೇ ಉಳಿಯಿತು. ದೊಡ್ಡವರಾದ ಮೇಲೆ ಕಲಿತ ಭಾಷೆ ಮೊದಲು ಮಾಸುವುದು ಹಲವು ರೋಗಿಗಳಲ್ಲಿ ಕಂಡುಬರುತ್ತದೆ. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಅಜ್ಜಿ 'ಬಡವಾಪುಂಡು' ಎಂದು ಕೂಗುತ್ತಿದ್ದರು. ತುಳು ಬಾರದ ದಾದಿ ಇದು ಬಡತನದ ಚಿಂತೆ ಎಂದುಕೊಂಡಳು. ಆ ಮಾತಿನ ಅರ್ಥ 'ಹಸಿವಾಗುತ್ತಿದೆ' ಎಂದು! ಅಜ್ಜಿ ರೇಗಿ ಕೈಯೆತ್ತಿದಾಗ ಮನೆಯವರು ನಿದ್ರೆ ಮಾತ್ರೆ ಕೇಳಿದರು. ಬೇಕಿದ್ದುದು ಮಾತ್ರೆಯಲ್ಲ, ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ.

ಮನೆಯವರು ಏನು ಮಾಡಬೇಕು?

1. ಹಸಿವು, ನೀರು, ನೋವು, ಶೌಚ, ಭಯ – ಇವಕ್ಕೆ ರೋಗಿ ಬಳಸುವ ಮಾತುಗಳನ್ನು ಅರ್ಥಸಹಿತ ಬರೆದು ದಾದಿಗೆ ಕಲಿಸಿ.

2. ರೂಢಿಯ ಊಟ, ಸ್ನಾನದ ಹೊತ್ತು, ಪೂಜೆ ಅಥವಾ ನಮಾಜು, ಇಷ್ಟದ ಹಾಡು – ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಆಸ್ಪತ್ರೆಗೆ ಸೇರಿಸಿದರೆ ಅದನ್ನೂ ಒಯ್ಯಿರಿ.

3. ಸ್ನಾನ ಮಾಡಿಸುವವರು ಹೆಂಗಸೋ ಗಂಡಸೋ ಎಂಬುದು ರೋಗಿಗೆ ಮುಖ್ಯವಾಗಿರಬಹುದು. ತಲೆಯ ಸೆರಗು, ಬಳೆ, ತಾಳಿಗಳನ್ನು ಹೇಳದೆ ಕೇಳದೆ ತೆಗೆಯಬೇಡಿ.

4. ಜಾತಿ, ಧರ್ಮ ನೋಡಿ 'ಇವರು ಹೀಗೇ' ಎಂದು ಊಹಿಸಬೇಡಿ. ಒಂದೇ ಸಮುದಾಯದಲ್ಲೂ ಒಬ್ಬರಂತೆ ಇನ್ನೊಬ್ಬರಿರುವುದಿಲ್ಲ.

5. ಜ್ಞಾಪಕಶಕ್ತಿಯ ಪರೀಕ್ಷೆ ರೋಗಿಗೆ ಚೆನ್ನಾಗಿ ಬರುವ ಭಾಷೆಯಲ್ಲೇ ನಡೆಯಲಿ. ಓದು ಬರಹ ಬಾರದವರಿಗೆ ಅದಕ್ಕೆ ತಕ್ಕ ಪರೀಕ್ಷೆ ಬೇಕೆಂದು ವೈದ್ಯರಿಗೆ ತಿಳಿಸಿ.

ಒಂದು ಎಚ್ಚರಿಕೆ: ಗೊಂದಲ ಅಥವಾ ಮಂಪರು ಒಂದೆರಡು ದಿನಗಳಲ್ಲಿ ಏಕಾಏಕಿ ಹೆಚ್ಚಿದರೆ ಅದನ್ನು ಮರೆವಿನ ಲೆಕ್ಕಕ್ಕೆ ಸೇರಿಸಬೇಡಿ. ಮೂತ್ರದ ಸೋಂಕು, ನಿರ್ಜಲತೆ, ಔಷಧಿಯ ಅಡ್ಡ ಪರಿಣಾಮ ಕಾರಣವಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಿ.

ಡಿಮೆನ್ಷಿಯಾ ಪೀಡಿತರು ಹೊಸದಾಗಿ ನಮ್ಮ ಭಾಷೆ ಕಲಿಯಲಾರರು. ಅವರ ನಾಲ್ಕು ಮಾತುಗಳನ್ನು ನಾವು ಕಲಿಯಬಹುದಲ್ಲವೇ?