ಜೈಲು ಸಿಬ್ಬಂದಿಯ ಸಂಘ ಮತ್ತು ಶಾಸಕರ ಬಾಗಿಲು

ಒತ್ತಡ ಗುಂಪುಗಳಿಗೆ ಉದಾಹರಣೆ ಕೊಡಿ ಎಂದರೆ ನಮ್ಮ ವಿದ್ಯಾರ್ಥಿಗಳು ಬರೆಯುವುದು ಹೆಚ್ಚುಕಡಿಮೆ ಒಂದೇ: ರೈತ ಸಂಘ, ಕಾರ್ಮಿಕ ಸಂಘ, ವ್ಯಾಪಾರಿಗಳ ಸಂಘ. ಅವು ಚುನಾವಣೆಗೆ ನಿಲ್ಲುವುದಿಲ್ಲ, ಆದರೆ ಸರ್ಕಾರದ ಮೇಲೆ ಪ್ರಭಾವ ಬೀರುತ್ತವೆ ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ಅಂಕ ಸಿಗುತ್ತದೆ, ನಿಜ. ಆದರೆ ಪ್ರಭಾವ ಬೀರುವುದು ಎಂದರೇನು, ಅದರ ಬೆಲೆ ತೆರುವವರು ಯಾರು ಎಂಬುದು ಆ ಉತ್ತರದಿಂದ ತಿಳಿಯುವುದಿಲ್ಲ. ಅದನ್ನು ತಿಳಿಯಲು ಒಂದೇ ಒಂದು ಸಂಘವನ್ನು ಹತ್ತಿರದಿಂದ ನೋಡೋಣ: ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಜೈಲು ಸಿಬ್ಬಂದಿಯ ಸಂಘ. ಇಂಗ್ಲಿಷಿನಲ್ಲಿ ಅದರ ಹೆಸರಿನ ಸಂಕ್ಷಿಪ್ತ ರೂಪ ಸಿಸಿಪಿಒಎ.

ಮೊದಲು ಅಲ್ಲಿನ ವ್ಯವಸ್ಥೆ ಗೊತ್ತಿರಬೇಕು. ಅಮೆರಿಕದಲ್ಲಿ ಹೆಚ್ಚಿನ ಕೈದಿಗಳು ಇರುವುದು ರಾಜ್ಯಗಳ ಜೈಲುಗಳಲ್ಲಿ. ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರ ಹಾಗಲ್ಲ; ಜನರಿಂದ ನೇರವಾಗಿ ಆಯ್ಕೆಯಾಗಿ ಆಡಳಿತ ನಡೆಸುವವರು. ಕ್ಯಾಲಿಫೋರ್ನಿಯಾದ ಶಾಸಕಾಂಗ ಸ್ಯಾಕ್ರಮೆಂಟೊ ನಗರದಲ್ಲಿದೆ. ಕೆಳಮನೆಯಲ್ಲಿ 80, ಮೇಲ್ಮನೆಯಲ್ಲಿ 40 ಸದಸ್ಯರು. ಗಮನಿಸಬೇಕಾದ ಅಂಶ ಇಲ್ಲಿದೆ. ಭಾರತದಲ್ಲಿ ಜೈಲು ರಾಜ್ಯಪಟ್ಟಿಯ ವಿಷಯ, ಕ್ರಿಮಿನಲ್ ಕಾನೂನು ಸಮವರ್ತಿ ಪಟ್ಟಿಯದು. ಕಳ್ಳತನಕ್ಕೆ ಎಷ್ಟು ವರ್ಷ ಶಿಕ್ಷೆ ಎಂಬುದನ್ನು ಮುಖ್ಯವಾಗಿ ಸಂಸತ್ತಿನ ಕಾಯ್ದೆ ಹೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ. ಜೈಲಿನ ವಾರ್ಡರ್‌ಗೆ ಎಷ್ಟು ಸಂಬಳ ಎಂದು ಒಪ್ಪುವವರೂ ಕಳ್ಳನಿಗೆ ಎಷ್ಟು ವರ್ಷ ಜೈಲು ಎಂದು ಬರೆಯುವವರೂ ಅದೇ 120 ಮಂದಿ. ಸಂಬಳಕ್ಕಾಗಿ ತಟ್ಟಿದ ಬಾಗಿಲಿನ ಹಿಂದೆಯೇ ಶಿಕ್ಷೆಯ ಕಾನೂನೂ ಕುಳಿತಿದೆ.

ಸಂಘ ಹುಟ್ಟಿದ್ದು 1957ರಲ್ಲಿ. ಬಹುಕಾಲ ಅದಕ್ಕೆ ಹೇಳಿಕೊಳ್ಳುವ ಬಲವಿರಲಿಲ್ಲ. ಕೆಲಸವಂತೂ ಕಠಿಣ. ಹಲ್ಲೆಯ ಭಯ, ಕಡ್ಡಾಯ ಹೆಚ್ಚುವರಿ ಪಾಳಿ, ಮನೆಗೆ ಹೋದರೂ ಬಿಡದ ಒತ್ತಡ; ಜೊತೆಗೆ ಬೀದಿಯ ಪೊಲೀಸರಿಗೆ ಸಿಗುವ ಗೌರವವೂ ಇಲ್ಲ, ಸಂಬಳವೂ ಇಲ್ಲ. 1977ರಲ್ಲಿ ರಾಜ್ಯ ನೌಕರರಿಗೆ ಒಟ್ಟಾಗಿ ಚೌಕಾಸಿ ಮಾಡುವ ಹಕ್ಕನ್ನು ಕಾಯ್ದೆ ಕೊಟ್ಟಿತು. 1980ರಲ್ಲಿ ಫೋಲ್ಸಮ್ ಜೈಲಿನ ನೌಕರ ಡಾನ್ ನೋವಿ ಅಧ್ಯಕ್ಷರಾದರು; 2002ರವರೆಗೂ ಅವರೇ. ತಲೆಯ ಮೇಲೆ ಸದಾ ಹ್ಯಾಟ್ ಇಟ್ಟುಕೊಂಡು ಶಾಸಕರ ಭವನದಲ್ಲಿ ಓಡಾಡುತ್ತಿದ್ದ ಈ ಮನುಷ್ಯ ಕೆಲವೇ ಸಾವಿರ ಸದಸ್ಯರ ಸಂಘವನ್ನು ಸುಮಾರು 30,000 ಸದಸ್ಯರ ಸಂಘವಾಗಿ ಬೆಳೆಸಿದರು.

ಅವರ ವಿಧಾನದಲ್ಲಿ ಗುಟ್ಟೇನೂ ಇರಲಿಲ್ಲ. ಪ್ರತಿ ಸದಸ್ಯನ ಸಂಬಳದಿಂದ ತಿಂಗಳ ವಂತಿಗೆ ಬರುತ್ತದೆ. ಆ ಹಣದಿಂದ ಸ್ಯಾಕ್ರಮೆಂಟೊದಲ್ಲಿ ವೃತ್ತಿಪರ ಲಾಬಿಗಾರರನ್ನು ನೇಮಿಸಿ, ಯಾವ ಮಸೂದೆ ಯಾವ ಸಮಿತಿಯಲ್ಲಿದೆ ಎಂದು ದಿನವೂ ನೋಡಿಕೊಳ್ಳಲಾಗುತ್ತದೆ. ಚುನಾವಣೆ ಬಂದಾಗ ಅಭ್ಯರ್ಥಿಗಳಿಗೆ ಕಾನೂನುಬದ್ಧ ದೇಣಿಗೆ, ಪಕ್ಷ ಯಾವುದಾದರೂ ಸರಿ. 1990ರಲ್ಲಿ ರಿಪಬ್ಲಿಕನ್ ಪಕ್ಷದ ಪೀಟ್ ವಿಲ್ಸನ್ ಗವರ್ನರ್ ಆಗಲು ನೆರವಾದ ಸಂಘವೇ 1998ರಲ್ಲಿ ಡೆಮಾಕ್ರಟಿಕ್ ಪಕ್ಷದ ಗ್ರೇ ಡೇವಿಸ್ ಬೆನ್ನಿಗೆ ನಿಂತಿತು. ವಿರೋಧಿಸಿದ ಶಾಸಕನ ಎದುರಾಳಿಗೂ ಹಣ ಹೋಗಬಹುದು ಎಂಬ ಅರಿವು ಎಲ್ಲರಿಗೂ ಇತ್ತು. ಎಲ್ಲಕ್ಕಿಂತ ಜಾಣತನದ ಹೆಜ್ಜೆ ಎಂದು ನನಗೆ ಅನ್ನಿಸುವುದು ಇನ್ನೊಂದು: ಅಪರಾಧಗಳಿಗೆ ಬಲಿಯಾದವರ ಕುಟುಂಬಗಳ ಸಂಘಟನೆಗಳಿಗೆ ಸಂಘ ಹಣ ಒದಗಿಸಿತು. 1990ರ ದಶಕದ ಆರಂಭದಲ್ಲಿ ಹೀಗೆ ಬೆಳೆದ ಸಂಘಟನೆಗಳಲ್ಲಿ ಕ್ರೈಮ್ ವಿಕ್ಟಿಮ್ಸ್ ಯುನೈಟೆಡ್ ಪ್ರಮುಖವಾದುದು. ಕಠಿಣ ಶಿಕ್ಷೆ ಬೇಕೆಂದು ಜೈಲು ನೌಕರ ಕೇಳಿದರೆ ಸ್ವಾರ್ಥವೆಂದಾರು. ಮಗಳನ್ನು ಕಳೆದುಕೊಂಡ ತಾಯಿ ಕೇಳಿದರೆ ಯಾವ ಶಾಸಕ ಎದುರಾಡಬಲ್ಲ?

1994ರಲ್ಲಿ ಬಂದದ್ದು 'ತ್ರೀ ಸ್ಟ್ರೈಕ್ಸ್' ಕಾನೂನು. ಬೇಸ್‌ಬಾಲ್ ಆಟದಲ್ಲಿ ಮೂರು ಸಲ ಹೊಡೆತ ತಪ್ಪಿದರೆ ಆಟಗಾರ ಔಟ್. ಹೆಸರು ಅಲ್ಲಿಂದ ಬಂತು. ಹಿಂದೆ ಎರಡು ಗಂಭೀರ ಅಪರಾಧಗಳಲ್ಲಿ ಶಿಕ್ಷೆಯಾದವನು ಮೂರನೆಯ ಸಲ ಯಾವುದೇ ಫೆಲೊನಿ, ಅಂದರೆ ಕಾನೂನು ದೊಡ್ಡದೆಂದು ಗುರುತಿಸಿದ ಅಪರಾಧ, ಮಾಡಿದರೆ ಕನಿಷ್ಠ 25 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ. ಮಾರ್ಚ್‌ನಲ್ಲಿ ಶಾಸಕಾಂಗದ ಕಾಯ್ದೆಗೆ ಗವರ್ನರ್ ವಿಲ್ಸನ್ ಸಹಿ ಹಾಕಿದರು. ನವೆಂಬರ್‌ನಲ್ಲಿ ಜನಮತದಲ್ಲಿ ಸುಮಾರು 72 ಶೇಕಡಾ ಮತದಾರರು ಒಪ್ಪಿದರು. ಆ ಪ್ರಚಾರಕ್ಕೆ ಸಂಘ ಸುಮಾರು 1 ಲಕ್ಷ ಡಾಲರ್ ಕೊಟ್ಟಿತ್ತು. ಕಾನೂನನ್ನು ಸಂಘವೇ ಹುಟ್ಟುಹಾಕಿತು ಎನ್ನುವುದು ಸರಿಯಲ್ಲ. ಮಗಳ ಕೊಲೆಯಿಂದ ನೊಂದ ತಂದೆಯೊಬ್ಬರು ಆರಂಭಿಸಿದ ಚಳವಳಿ ಅದು; ಜನರಲ್ಲಿ ಅಪರಾಧದ ಭಯವೂ ಇತ್ತು. ಆ ಗಾಳಿಗೆ ಸಂಘ ತನ್ನ ಹಾಯಿಯನ್ನೂ ಬಿಚ್ಚಿತು. ಮಕ್ಕಳಿಂದ ಒಂದು ತುಂಡು ಪಿಜ್ಜಾ ಕಿತ್ತುಕೊಂಡವನಿಗೆ ಮರುವರ್ಷ 25 ವರ್ಷದ ಶಿಕ್ಷೆ ಬಿತ್ತು. ಮುಂದೆ ಅದು ಕಡಿಮೆಯಾಯಿತು. ಮೂರು ಗಾಲ್ಫ್ ಕೋಲು ಕದ್ದವನ ಶಿಕ್ಷೆಯನ್ನು ಮಾತ್ರ 2003ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4 ಬಹುಮತದಿಂದ ಎತ್ತಿಹಿಡಿಯಿತು.

1980ರಲ್ಲಿ ಕ್ಯಾಲಿಫೋರ್ನಿಯಾದ ಜೈಲುಗಳಲ್ಲಿ ಸುಮಾರು 25,000 ಕೈದಿಗಳಿದ್ದರು. 2006ರಲ್ಲಿ 1,70,000 ದಾಟಿತು. 1980ರ ದಶಕದ ಆರಂಭದವರೆಗೆ 12 ಜೈಲುಗಳಿದ್ದ ರಾಜ್ಯದಲ್ಲಿ ಮುಂದಿನ ಎರಡು ದಶಕಗಳಲ್ಲಿ 20ಕ್ಕೂ ಹೆಚ್ಚು ಹೊಸ ಜೈಲುಗಳು ಎದ್ದವು. ಹೊಸ ಜೈಲು ಎಂದರೆ ಹೊಸ ನೌಕರಿ, ಹೊಸ ಸದಸ್ಯರು, ಇನ್ನಷ್ಟು ವಂತಿಗೆ, ಸ್ಯಾಕ್ರಮೆಂಟೊದಲ್ಲಿ ಇನ್ನಷ್ಟು ಬಲ. 2002ರ ಆರಂಭದಲ್ಲಿ ಐದು ವರ್ಷಗಳಲ್ಲಿ ಸುಮಾರು 37 ಶೇಕಡಾ ಸಂಬಳ ಏರಿಕೆಯ ಒಪ್ಪಂದಕ್ಕೆ ಮಂಜೂರಾತಿ ಸಿಕ್ಕಿತು. ಕೆಲವೇ ವಾರಗಳ ಬಳಿಕ ಗವರ್ನರ್ ಡೇವಿಸ್ ಅವರ ಚುನಾವಣಾ ನಿಧಿಗೆ ಸಂಘದಿಂದ ಸುಮಾರು ಎರಡೂವರೆ ಲಕ್ಷ ಡಾಲರ್ ಸಂದಾಯವಾಯಿತು. ಕಾನೂನು ಮೀರಿದ್ದು ಇದರಲ್ಲಿ ಯಾವುದೂ ಅಲ್ಲ. ಪತ್ರಿಕೆಗಳು ಟೀಕಿಸಿದವು, ಅಷ್ಟೇ. ಮಾದಕ ದ್ರವ್ಯದ ಪ್ರಕರಣಗಳಲ್ಲಿ ಜೈಲಿನ ಬದಲು ಚಿಕಿತ್ಸೆ ಕೊಡಬೇಕೆಂಬ 2008ರ ಜನಮತ ಪ್ರಸ್ತಾವವನ್ನು ಸೋಲಿಸಲು ಸಂಘ 10 ಲಕ್ಷ ಡಾಲರ್‌ಗೂ ಹೆಚ್ಚು ಸುರಿಯಿತು. ಪ್ರಸ್ತಾವ ಸೋತಿತು.

ಇಷ್ಟು ಓದಿದ ಮೇಲೆ ಸಂಘವನ್ನು ಖಳನಾಯಕನ ಜಾಗದಲ್ಲಿ ಕೂರಿಸುವುದು ಸುಲಭ. ಆದರೆ ಮುಂದೆ ನಡೆದದ್ದನ್ನೂ ಓದಬೇಕು. ಸುಮಾರು 80,000 ಮಂದಿಗಾಗಿ ಕಟ್ಟಿದ ಜೈಲುಗಳಲ್ಲಿ ಅದರ ಎರಡು ಪಟ್ಟು ಜನರನ್ನು ತುಂಬಲಾಗಿತ್ತು. ವ್ಯಾಯಾಮಶಾಲೆಗಳಲ್ಲಿ ಸಾಲುಸಾಲು ಮಂಚ, ಚಿಕಿತ್ಸೆಯಿಲ್ಲದೆ ಸಾವು. ಕೈದಿಗಳು ನ್ಯಾಯಾಲಯಕ್ಕೆ ಹೋದಾಗ ಇದೇ ಸಂಘ ಕೈದಿಗಳ ಪರವಾಗಿ ಪ್ರಕರಣದಲ್ಲಿ ಸೇರಿಕೊಂಡು, ಈ ಇಕ್ಕಟ್ಟು ನಮ್ಮ ಜೀವಕ್ಕೂ ಅಪಾಯ ಎಂದು ವಾದಿಸಿತು. 2011ರ ಮೇ 23ರಂದು ಸುಪ್ರೀಂ ಕೋರ್ಟ್, ಮತ್ತೆ 5-4ರಲ್ಲಿ, ಕೈದಿಗಳ ಸಂಖ್ಯೆಯನ್ನು ನಿಗದಿತ ಸಾಮರ್ಥ್ಯದ 137.5 ಶೇಕಡಾ ಮಟ್ಟಕ್ಕೆ ಇಳಿಸಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು. 2012ರಲ್ಲಿ ಜನಮತದಿಂದಲೇ ತ್ರೀ ಸ್ಟ್ರೈಕ್ಸ್ ಕಾನೂನು ಸಡಿಲವಾಯಿತು. ಮೂರನೆಯದೂ ಗಂಭೀರ ಅಪರಾಧವೇ ಆಗಿರಬೇಕು ಎಂಬುದು ಈಗ ಸಾಮಾನ್ಯ ನಿಯಮ.

ಸುರಕ್ಷತೆ, ಸಂಬಳ, ರಜೆ ಕೇಳುವುದು ನೌಕರನ ನ್ಯಾಯವಾದ ಹಕ್ಕು. ಇನ್ನೊಬ್ಬನ ಶಿಕ್ಷೆಯ ಉದ್ದ ಆ ಬೇಡಿಕೆಯೊಳಗೆ ಸೇರಿಕೊಂಡಲ್ಲಿ ಸಂಘ ಗಡಿ ದಾಟಿತು ಎಂಬುದು ನನ್ನ ಅಭಿಪ್ರಾಯ. ಹಾಗೆ ದಾಟಿದಾಗ ತಡೆಯುವವರು ಯಾರೂ ಇರಲಿಲ್ಲ, ಏಕೆಂದರೆ ಕಾರ್ಖಾನೆಯ ಸಂಘಕ್ಕೆ ಎದುರಾಗಿ ಮಾಲೀಕರ ಸಂಘ ಇರುತ್ತದೆ, ಜೈಲು ನೌಕರರ ಎದುರಿಗಿರುವ ಕೈದಿಗೆ ಮತವೇ ಇಲ್ಲ. ವಂತಿಗೆ ಕೂಡಿಸಿ ಲಾಬಿಗಾರನನ್ನು ನೇಮಿಸುವುದು ದೂರದ ಮಾತು. ವಿಚಿತ್ರವೆಂದರೆ ಕೈದಿಯನ್ನು ಜೈಲಿರುವ ಊರಿನ ಜನಸಂಖ್ಯೆಯಲ್ಲಿ ಎಣಿಸಿ ಅಲ್ಲಿನ ಕ್ಷೇತ್ರಗಳನ್ನು ರಚಿಸುತ್ತಿದ್ದರು. ಅದನ್ನು ತಪ್ಪಿಸುವ ಕಾಯ್ದೆ ಬಂದದ್ದು 2011ರಲ್ಲಿ. ಪೆರೋಲ್ ಮೇಲೆ ಹೊರಬಂದವರಿಗೆ ಮತದಾನದ ಹಕ್ಕು ದೊರೆತದ್ದು 2020ರಲ್ಲಿ. ರಾಜ್ಯದ ಜೈಲಿನೊಳಗೆ ಶಿಕ್ಷೆ ಅನುಭವಿಸುತ್ತಿರುವವರಿಗೆ ಇನ್ನೂ ಇಲ್ಲ.

ನಮ್ಮಲ್ಲಿ? 1951ರ ಜನಪ್ರತಿನಿಧಿ ಕಾಯ್ದೆಯ 62(5)ನೇ ಕಲಮನ್ನು ಗ್ರಂಥಾಲಯದಲ್ಲಿ ತೆಗೆದು ಓದಿ. ಜೈಲಿನಲ್ಲಿರುವವರು ಮತ ಹಾಕುವಂತಿಲ್ಲ. ಅದರಲ್ಲಿ ಶಿಕ್ಷೆಯಾದವರೂ ಸೇರುತ್ತಾರೆ, ಇನ್ನೂ ತೀರ್ಪು ಬಾರದ ವಿಚಾರಣಾಧೀನರೂ ಸೇರುತ್ತಾರೆ. ಭಾರತದ ಜೈಲುಗಳಲ್ಲಿರುವವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ವಿಚಾರಣಾಧೀನರೇ. ಜಾಮೀನು ಸಿಕ್ಕಿ ಹೊರಗಿರುವ ಆರೋಪಿ ಮತ ಹಾಕಬಹುದು, ಮುನ್ನೆಚ್ಚರಿಕೆಯ ಬಂಧನದಲ್ಲಿರುವವನೂ ಹಾಕಬಹುದು. ಜಾಮೀನಿನ ಹಣ ಹೊಂದಿಸಲಾಗದೆ ಒಳಗೇ ಉಳಿದವನು ಹಾಕುವಂತಿಲ್ಲ. ಈ ವ್ಯತ್ಯಾಸಕ್ಕೆ ಏನು ಕಾರಣ ಕೊಡಬಹುದು ಎಂದು ಎರಡೂ ಕಡೆಯ ವಾದಗಳನ್ನು ಒಂದೊಂದು ಪುಟದಲ್ಲಿ ಬರೆದುಕೊಂಡು ತರಗತಿಗೆ ಬನ್ನಿ.